ಬೆನ್ನ ಮೇಲಿನ ಬಿಳಿ ಕಿಟಕಿ

ಅಲುಗಿತು, ಅಲುಗಿದ್ದು ಎಲೆಯಲ್ಲ, ಗಾಳಿ ನಿಂತು ಎಷ್ಟೋ ಹೊತ್ತಾಯಿತು, ಎಲೆಗೆ ಬಾಲದ ತುದಿ ಅಂಟಿಸಿಕೊಂಡು ಮುದುಡಿರುವ ಆ ಕೋಶವೇ ಒಮ್ಮೆ ಮೈ ಎತ್ತಿ ಮತ್ತೆ ಮಲಗಿತು, ಇನ್ನೊಂದು ಗಳಿಗೆ ಬಿಡಮ್ಮ ಎಂದು ಹೊದಿಕೆ ಎಳೆದುಕೊಳ್ಳುವ ಹುಡುಗಿಯ ಹಾಗೆ — ಏಳು ತಾಯಿ, ಏಳು, ಇವತ್ತು ಮಲಗುವ ದಿನವಲ್ಲ, ಅಡುಗೆಮನೆಯಲ್ಲಿ ಅಕ್ಕ ಚಹಾಕ್ಕೆ ನೀರಿಟ್ಟಾಯಿತು, ಚಹಾ ಕುಡಿದವಳು ಔಷಧಿ ಪಂಪು ಹಿಡಿದು ಸೀದಾ ಇಲ್ಲಿಗೇ ಬರುತ್ತಾಳೆ, ಈ ಗುಲಾಬಿಗೆ ಬುಡದಿಂದ ತುದಿಯವರೆಗೆ ಸ್ನಾನ ಮಾಡಿಸುತ್ತಾಳೆ, ನಿನ್ನೆಯೇ ಹೇಳಿಬಿಟ್ಟಳಲ್ಲ, ನೋಡು ಕಡ್ಡಿ, ಎಲೆಯೆಲ್ಲ ಅಂಟಂಟು, ಹೇನು ಹತ್ತಿದೆ, ನೀನು ಬೇಡ ಬೇಡ ಅಂದಿದ್ದಕ್ಕೆ ಇಷ್ಟು ದಿನ ಸುಮ್ನಿದ್ದೆ, ನಾಳೆ ಬೆಳಿಗ್ಗೆ ಹೊಡೆಯೋದೇ, ನಿನ್ನ ಹುಳಗಳಿಗೆ ಬೇರೆ ಮನೆ ನೋಡ್ಕೊಳ್ಳೋಕೆ ಹೇಳು. ಕಡ್ಡಿ ಎಂದು ನನ್ನನ್ನು ಕರೆಯುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ, ಕಡ್ಡಿಯಾಗಿದ್ದ ಕಾಲ ಹೋಗಿ ಈಗ ನೆಲಕ್ಕೆ ಕೂತರೆ ಏಳುವುದಕ್ಕೆ ಕುಂಡದ ಅಂಚು ಹಿಡಿಯಬೇಕು, ಆದರೂ ಕಡ್ಡಿಯೇ. ಅಕ್ಕ, ಇದು ಗುಲಗಂಜಿ ಹುಳು ಕಣೆ, ಕೆಂಪು ಬೆನ್ನು, ಕಪ್ಪು ಚುಕ್ಕೆ, ಇದರ ಮರಿ ಬೆಳಗಿಂದ ಸಂಜೆ ತನಕ ಹೇನೇ ತಿನ್ನೋದು, ನಿನ್ನ ಗುಲಾಬಿಗೆ ಇದೇ ಡಾಕ್ಟರು, ಇದರ ಮೇಲೆ ಔಷಧಿ ಹೊಡೆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಎಂದೆ, ಅವಳು ಎಲ್ಲಿದೆ ತೋರಿಸು ಅನ್ನಲಿಲ್ಲ, ಅದೇ ನನಗೆ ಚುಚ್ಚಿದ್ದು, ಹಳೆಯ ಅಕ್ಕನಾಗಿದ್ದರೆ ಬಗ್ಗಿ ನೋಡಿ, ನೋಡಿದ ಮೇಲೆ ಜಗಳ ತೆಗೆಯುತ್ತಿದ್ದಳು, ಈಗ ಎಲೆಯನ್ನು ಎರಡು ಬೆರಳಲ್ಲಿ ಉಜ್ಜಿ ಅಂಟು ಅನ್ನುತ್ತಾಳೆ, ಕಣ್ಣಿನ ಕೆಲಸವನ್ನು ಬೆರಳಿಗೆ ಒಪ್ಪಿಸಿ ಎಷ್ಟು ದಿನವಾಯಿತೋ. ಇವತ್ತು ಎರಡು ಕೆಲಸ ಆಗಬೇಕು, ಈ ಹುಳು ಹೊರಗೆ ಬರುವುದನ್ನು ನಾನು ಕ್ಯಾಮೆರಾದಲ್ಲಿ ಹಿಡಿಯಬೇಕು, ಆಮೇಲೆ ಅಕ್ಕನಿಗೆ ಅವಳ ಕಣ್ಣಿನ ವಿಷಯ ಬಾಯಿಬಿಟ್ಟು ಹೇಳಬೇಕು, ಮೊದಲನೆಯದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಅನುಮಾನ ಯಾಕೆ ಬೇಕು, ಎಡಗೈಯಲ್ಲಿ ಎಲೆಯ ತೊಟ್ಟು, ಅದೇ ಕೈಯ ಹೆಬ್ಬೆರಳ ಬುಡದ ಮೇಲೆ ಲೆನ್ಸಿನ ಮೂತಿ, ಈಗ ಕೈ ನಡುಗಿದರೆ ಎಲೆಯೂ ನಡುಗುತ್ತದೆ ಕ್ಯಾಮೆರಾವೂ ನಡುಗುತ್ತದೆ, ಎರಡೂ ಒಟ್ಟಿಗೆ ನಡುಗಿದರೆ ಚಿತ್ರದಲ್ಲಿ ನಡುಕವೇ ಇಲ್ಲ, ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ, ಫೋಟೋ ಕ್ಲಬ್ಬಿನ ಮೇಷ್ಟ್ರು ಮೂರು ಕಾಲಿನ ಸ್ಟ್ಯಾಂಡ್ ಹೊತ್ತುಕೊಂಡು ಓಡಾಡುತ್ತಾರೆ, ಅವರು ಅದರ ಕಾಲು ಬಿಚ್ಚುವಷ್ಟರಲ್ಲಿ ಹುಳು ಮದುವೆಯಾಗಿ ಮಕ್ಕಳನ್ನು ಹೆತ್ತಿರುತ್ತದೆ. ಫೋಕಸ್ ಉಂಗುರ ಮುಟ್ಟಬಾರದು, ಅದನ್ನು ಒಂದು ಕಡೆ ನಿಲ್ಲಿಸಿ ಮೈಯನ್ನೇ ಹಿಂದೆ ಮುಂದೆ ತೂಗಬೇಕು, ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಒಂದು ಕೂದಲಿನಷ್ಟು, ಆ ಕೂದಲು ಹುಳುವಿನ ಕಣ್ಣಿನ ಮೇಲೆ ಹಾದುಹೋಗುವ ಕ್ಷಣಕ್ಕೆ ಒತ್ತಬೇಕು, ಮತ್ತೆ ಉಸಿರು, ಉಸಿರಾಡುವ ಎದೆಯೇ ದೊಡ್ಡ ಭೂಕಂಪ, ಅದು ನನಗೆ ಗೊತ್ತಿರುವಷ್ಟು ಯಾರಿಗೆ ಗೊತ್ತಿರಲು ಸಾಧ್ಯ, ಆಯಸ್ಸಿನ ಅರ್ಧಭಾಗ ಆಸ್ಪತ್ರೆಯ ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ ಅದನ್ನೇ ತಾನೆ ಹೇಳಿದ್ದು, ಉಸಿರು ಎಳ್ಕೊಳ್ಳಿ, ಬಿಗಿ ಹಿಡೀರಿ, ಅಲ್ಲಾಡಬೇಡಿ, ಹಾಂ ಬಿಡಿ. ಎಂಥೆಂಥವರು ಬಂದರು, ಲಾರಿ ಡ್ರೈವರು, ವಕೀಲರು, ಬಾಗಿಲು ಬಗ್ಗಿ ಒಳಗೆ ಬಂದ ಕುಸ್ತಿಪಟು, ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಂತರೆ ಎಲ್ಲರೂ ಮಕ್ಕಳೇ, ಬಿಡಿ ಎನ್ನುವುದನ್ನು ಮರೆತರೆ ಬಿಡದೆ ಹಾಗೇ ನಿಂತಿರುತ್ತಿದ್ದರು ಪಾಪ, ಕುಸ್ತಿಪಟುವಿನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಚಿತ್ರ ಮೂಡುತ್ತಿತ್ತು, ಮೊದಲು ನೋಡುವವಳು ನಾನೇ, ಅವರು ಚಿತ್ರವನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು, ಏನಾದ್ರೂ ಇದೆಯಾ ಮೇಡಂ, ಡಾಕ್ಟರ್ ಹೇಳ್ತಾರೆ, ಇದ್ದರೂ ಡಾಕ್ಟರ್ ಹೇಳ್ತಾರೆ, ಇಲ್ಲದಿದ್ದರೂ ಡಾಕ್ಟರ್ ಹೇಳ್ತಾರೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಮುಖದ ಒಂದು ಗೆರೆಯೂ ಕದಲಬಾರದು, ಅದು ಕೆಲಸದ ನಿಯಮ, ಒಳ್ಳೆಯ ನಿಯಮ, ಕಾರಿಡಾರಿನಲ್ಲಿ ಅರ್ಧ ಮಾತು ಹೇಳಿ ಕಳಿಸಿದರೆ ಮನೆ ಸೇರುವಷ್ಟರಲ್ಲಿ ಅದು ಒಂದೂವರೆ ಆಗಿರುತ್ತದೆ, ನನ್ನ ಆ ಮುಖದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ತೊಂದರೆ ಒಂದೇ, ಮನೆಯಲ್ಲಿ ಹೇಳುವುದಕ್ಕೆ ಡಾಕ್ಟರ್ ಇಲ್ಲ.

ಚಹಾ ಸೋಸುತ್ತಿದ್ದಾಳೆ, ಚಮಚ ಲೋಟದ ಅಂಚಿಗೆ ತಾಗಿದ ಸದ್ದು, ಮೊದಲು ತಾಗುತ್ತಿರಲಿಲ್ಲ. ಒಂದು ಹೊಡೆದು ನೋಡೋಣ, ಬೆಳಕು ಸರಿಯಿದೆಯೋ ಇಲ್ಲವೋ — ಫ್ಲಾಶ್ ಫಳ್ ಎಂದಿತು, ಪರದೆಯ ಮೇಲೆ ಕೋಶ, ಕಿತ್ತಳೆ ಬಣ್ಣ ಹೋಗಿ ಗಾಢವಾಗಿದೆ, ಗಾಢವಾದರೆ ಹೊರಬರುವ ಹೊತ್ತು ಹತ್ತಿರ ಬಂತೆಂದೇ ಅರ್ಥ, ಕೋಶದ ನುಣುಪು ಬೆನ್ನಿನ ಮೇಲೆ ಬಿಳಿ ಕಿಟಕಿ, ಕಿಟಕಿಯ ನಡುವೆ ಆ ಗೆರೆ. ಯಾವ ಹುಳುವಿನ ಚಿತ್ರ ಹೊಡೆದರೂ ಅದೇ ಕಿಟಕಿ, ಅದೇ ಗೆರೆ, ನೊಣದ ಕಣ್ಣಿನಲ್ಲಿ, ಇರುವೆಯ ತಲೆಯಲ್ಲಿ, ಇಬ್ಬನಿಯ ಹನಿಯಲ್ಲಿ. ಬರಿಯ ಫ್ಲಾಶ್ ಹೊಡೆದರೆ ಹುಳುವಿನ ಬೆನ್ನಿಗೆ ಬೆಂಕಿಕಡ್ಡಿ ತಾಗಿಸಿದ ಹಾಗೆ ಒಂದು ಸುಟ್ಟ ಚುಕ್ಕೆ ಬೀಳುತ್ತದೆ, ಬೆಳಕನ್ನು ಮೆತ್ತಗೆ ಮಾಡಲು ಮುಂದೆ ಬಿಳಿ ಬಟ್ಟೆ ಬೇಕು, ಅಂಗಡಿಯದ್ದು ಬಿರುಸು, ಅದಕ್ಕೇ ಅಕ್ಕನ ಹತ್ತಿರ ಹೋದೆ, ಊರಿನ ಅರ್ಧ ಶಾಲೆಗಳ ಯೂನಿಫಾರಂ ಹೊಲಿದವಳು, ಮುಂದಿನ ಕೋಣೆ ಪೂರ್ತಿ ಅವಳ ಮಷೀನು ಅವಳ ಕತ್ತರಿ, ಅಕ್ಕ ಒಂದು ತುಂಡು ಲೈನಿಂಗ್ ಬಟ್ಟೆ ಕೊಡೆ, ಹೀಗೆ ಗೂಡಿನ ಹಾಗೆ ಹೊಲಿದುಕೊಡು. ಏನಿದು, ದೀಪಕ್ಕೆ ಟೋಪಿನಾ, ಹುಳಕ್ಕೆ ಬೆಳಕು ಕಣ್ಣಿಗೆ ಹೊಡೆಯುತ್ತಂತಾ, ನಂಗೆ ಹೊಡೆಯುತ್ತಲ್ಲ ಅದಕ್ಕೇನು ಮಾಡ್ತೀಯ, ಎಂದು ಗೊಣಗುತ್ತಲೇ ಫ್ಲಾಶಿನ ತಲೆಯನ್ನು ಗೇಣಿನಿಂದ ಅಳೆದಳು, ಹಸುಗೂಸಿನ ಕುಲಾವಿಗೆ ಅಳತೆ ತೆಗೆಯುವ ಹಾಗೆ, ಸಂಜೆಯೊಳಗೆ ಹೊಲಿದು ಕೊಟ್ಟಳು, ತಗೋ ನಿನ್ನ ಟೋಪಿ. ಬೆಳಕು ಹಾಲಿನ ಹಾಗೆ ಬಂತು, ಹುಳುವಿನ ಬೆನ್ನಲ್ಲಿ ಟೋಪಿಯ ಪ್ರತಿಬಿಂಬವೇ ಬಿಳಿ ಕಿಟಕಿಯಾಗಿ ಕೂತಿತು, ಆದರೆ ಮೊದಲ ದಿನದ ಚಿತ್ರದಲ್ಲೇ ಆ ಗೆರೆ, ಬಿಳಿ ಕಿಟಕಿಯ ನಡುವೆ ಹರಿದಾಡುವ ಹುಳುವಿನಂಥ ಗೆರೆ, ಲೆನ್ಸಿನಲ್ಲಿ ಕೂದಲೇನೋ ಎಂದು ಲೆನ್ಸು ಒರೆಸಿದೆ, ಹೋಗಲಿಲ್ಲ, ಹುಳುವಿನ ಬೆನ್ನು ಗುಂಡಗಿದೆ, ನೇರ ಗೆರೆಯೂ ಬಾಗಿ ಕಾಣುತ್ತದೆ ಎಂದು ಸಮಾಧಾನ ಹೇಳಿಕೊಂಡೆ, ಆದರೆ ಬಾಗುವುದು ಬೇರೆ ಸೊಟ್ಟಗಾಗುವುದು ಬೇರೆ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಟೋಪಿಯನ್ನೇ ಬಿಚ್ಚಿ ಕಿಟಕಿಗೆ ಒಡ್ಡಿ ಅದರ ಹೊಲಿಗೆಯನ್ನೇ ಲೆನ್ಸಿನಲ್ಲಿ ಹಿಡಿದೆ. ಸೂಜಿ ತೂತುಗಳು ಸಾಲು ತಪ್ಪಿದ್ದವು, ಒಂದು ಕಡೆ ದಾರ ಬಟ್ಟೆಯನ್ನೇ ಬಿಟ್ಟು ಹೊರಗೆ ಹೋಗಿ, ತಡಕಾಡಿ, ಮತ್ತೆ ಒಳಗೆ ಬಂದಿತ್ತು, ಬಂದ ಮೇಲೆ ಹೋದ ದಾರಿಯನ್ನು ಮುಚ್ಚಲು ಅದರ ಮೇಲೇ ಇನ್ನೊಂದು ಸಾಲು ಓಡಿಸಿದ್ದಳು. ಸುಮ್ಮನೆ ನೋಡಿದರೆ ಯಾರಿಗೂ ಕಾಣದು, ಮೊದಲು ನೋಡುವವಳು ನಾನೇ, ಇಲ್ಲೂ.

ಅಕ್ಕನ ಹೊಲಿಗೆ ಸೊಟ್ಟಗಾಗುವುದೆಂದರೇನು, ಬಸ್ಸಿನಲ್ಲಿ ಮುಂದೆ ಕೂತವನ ಕಾಲರಿನ ಹೊಲಿಗೆ ನೋಡಿ ಯಾವ ಕೊಲೆಗಾರ ಹೊಲಿದದ್ದೋ ಎನ್ನುತ್ತಿದ್ದವಳು, ಅಮ್ಮ ಹೋದ ಮೇಲೆ ನನ್ನ ತಲೆ ಅವಳ ಮಡಿಲಿಗೆ ಬಂತು, ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ಹೇನು ಹೆಕ್ಕುತ್ತಿದ್ದಳು, ಬಾಚಣಿಗೆಗೆ ಸಿಕ್ಕದ ಸೀರನ್ನೂ ಉಗುರಿನಲ್ಲಿ ಎಳೆದು ತೆಗೆಯುತ್ತಿದ್ದಳು, ಅಲ್ಲಾಡಬೇಡ್ವೇ ಕಡ್ಡಿ, ಒಂದು ಕ್ಷಣ ಉಸಿರು ಹಿಡ್ಕೊ — ಅಯ್ಯೋ, ಆ ಮಾತು ನನಗಿಂತ ಮೊದಲು ಹೇಳಿದವಳು ಅವಳೇ ಅಲ್ಲವೇ, ನಾನು ಅದನ್ನು ಆಸ್ಪತ್ರೆಯಲ್ಲಿ ಕಲಿತೆ ಅಂದುಕೊಂಡಿದ್ದೆ. ಆ ಕಣ್ಣಿಗೆ ಈಗ ಗುಲಾಬಿಯ ಹೇನು ಕಾಣುವುದಿಲ್ಲ. ಹೊಲಿಗೆ ಅಂಗಡಿ ಮುಚ್ಚಿದಳು, ಗಿರಾಕಿಗಳ ಕಾಟ ಸಾಕಾಯ್ತು ಅಂದಳು, ಸೂಜಿಗೆ ದಾರ ಪೋಣಿಸು ಕಡ್ಡಿ, ಕನ್ನಡಕ ಒಳಗಿದೆ ಅಂದಳು, ಕನ್ನಡಕ ಅವಳ ತಲೆಯ ಮೇಲೇ ಇತ್ತು, ನಾನು ತೆಗೆದ ನೊಣದ ಮುಖದ ಚಿತ್ರವನ್ನು ಟಿವಿಯಲ್ಲಿ ಹಾಕಿ ತೋರಿಸಿದಾಗ ಬಾಗಿಲಲ್ಲೇ ನಿಂತು ಚೆನ್ನಾಗಿದೆ, ನಮ್ಮ ಗುಲಾಬಿ ತಾನೆ ಅಂದಳು. ನಾನು ನಕ್ಕೆ, ತಮಾಷೆ ಮಾಡುತ್ತಿದ್ದಾಳೆ ಎಂಬಂತೆ ನಕ್ಕೆ, ಅವಳೂ ತಮಾಷೆಯೇ ಎಂಬಂತೆ ನಕ್ಕಳು, ಇಬ್ಬರೂ ಎಷ್ಟು ಚೆನ್ನಾಗಿ ನಟಿಸಿದೆವು. ಅಕ್ಕ ಒಂದ್ಸಲ ಕಣ್ಣು ತೋರಿಸಿಕೊಂಡು ಬರೋಣ್ವಾ ಎಂದರೆ ನನ್ನ ಕಣ್ಣಿಗೇನಾಗಿದೆ ಧಾಡಿ, ಮಷೀನಿನ ಹಲ್ಲು ಸವೆದಿದೆ ಅಷ್ಟೆ, ಎನ್ನುತ್ತಾಳೆ, ಕುಣಿಯಲಾರದವಳಿಗೆ ನೆಲ ಡೊಂಕು, ಆದರೆ ಕುಣಿತದಲ್ಲಿ ಎಲ್ಲರನ್ನೂ ಮೀರಿಸಿದವಳಿಗೆ ಆ ಗಾದೆ ಹೇಳುವುದು ಹೇಗೆ. ಪೊರೆ ಬಂದಿರಬಹುದು, ಬರಿಯ ಪೊರೆಯಾದರೆ ತೆಗೆದುಹಾಕುತ್ತಾರೆ, ಕಣ್ಣಿನ ವಿಭಾಗ ನಮ್ಮ ನೆಲಮಾಳಿಗೆಯ ಮೇಲೇ ಇತ್ತು, ಬೆಳಿಗ್ಗೆ ಗೋಡೆ ಸವರಿಕೊಂಡು ಹೋದವರು ಪಟ್ಟಿ ಬಿಚ್ಚಿಸಿಕೊಂಡು ಗೋಡೆಯ ಕೊಳೆ ತೋರಿಸಿ ಬೈಯುತ್ತಾ ಬರುತ್ತಿದ್ದರು. ಬೇರೆ ಏನಾದರೂ ಆದರೆ ಕಾದಷ್ಟೂ ಕೆಡುಕು, ಅದಕ್ಕೇ ಇವತ್ತು. ಕ್ಲಬ್ಬಿನ ಮೇಷ್ಟ್ರು ನನ್ನ ಚಿತ್ರ ನೋಡಿ ಎಲ್ಲ ಸರಿ, ಈ ಕಿಟಕಿಯಲ್ಲಿ ಒಂದು ಗೆರೆ ಇದೆಯಲ್ಲ, ಕಂಪ್ಯೂಟರಿನಲ್ಲಿ ಅಳಿಸಿಬಿಡಿ, ಕಣ್ಣಿಗೆ ಚುಚ್ಚುತ್ತೆ, ಎಂದರು, ಚುಚ್ಚಲಿ ಬಿಡಿ ಸಾರ್ ಎಂದೆ, ಅದು ಹಾಗೇ ಇರಲಿ, ಅವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರು, ಇರಬಹುದು, ಸ್ಟ್ಯಾಂಡಿನ ಕಾಲು ಬಿಚ್ಚುತ್ತಾ ಏನು ಬೇಕಾದರೂ ಅಂದುಕೊಳ್ಳಲಿ.

ನಲ್ಲಿ ತಿರುಗಿಸಿದಳು, ಪಂಪಿನ ಡಬ್ಬಕ್ಕೆ ನೀರು ಬೀಳುವ ಸದ್ದು, ಮೊದಲು ಟೊಳ್ಳು ಸದ್ದು, ಈಗ ತುಂಬುತ್ತಿರುವ ಸದ್ದು, ಬಂದಳು, ಇನ್ನು ಬಂದಳು — ಬಾರೇ ಹುಳವೇ, ನಿನಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ, ಮೊಣಕಾಲಿನ ಕೆಳಗೆ ಕಲ್ಲು ಒತ್ತುತ್ತಿದೆ, ಒತ್ತಲಿ, ಹಾಂ, ಅಗೋ, ಬೆನ್ನಿನ ನಡುವೆ ಸೀಳು, ಹಳೆಯ ಅಂಗಿಯ ಬೆನ್ನು ಹೊಲಿಗೆ ಬಿಚ್ಚಿದ ಹಾಗೆ ನೇರವಾಗಿ ಬಿಚ್ಚಿತು, ಒಳಗಿನಿಂದ ಹಳದಿ, ಅಷ್ಟು ಹಳದಿ, ಮೊದಲು ತಲೆ, ಆಮೇಲೆ ಮುಂಗಾಲು ಎಲೆಯ ಮೇಲೆ ತಡಕಾಡಿತು, ಮೈ ತೂಗು, ಹಿಂದೆ, ಮುಂದೆ, ಕಣ್ಣು ಪದರದೊಳಕ್ಕೆ ಬಂತು, ಉಸಿರು ಹಿಡಿ, ಫಳ್, ಬಿಡು, ಮತ್ತೆ ಹಿಡಿ, ಫಳ್, ಎಷ್ಟು ಸುಲಭ, ಕೈ ತನ್ನಷ್ಟಕ್ಕೆ ತಾನೇ ಮಾಡುತ್ತದೆ, ಈಗಷ್ಟೇ ಹುಟ್ಟಿದ ಗುಲಗಂಜಿ ಹುಳುವಿನ ಮೈಮೇಲೆ ಚುಕ್ಕೆಯೇ ಇರುವುದಿಲ್ಲ, ಕೆಂಪೂ ಇಲ್ಲ, ಬರಿಯ ಒದ್ದೆ ಹಳದಿ, ಚುಕ್ಕೆ ಆಮೇಲೆ ಒಂದೊಂದಾಗಿ ಒಳಗಿನಿಂದ ಮೂಡಿ ಬರುತ್ತದೆ, ನಮ್ಮ ಆಸ್ಪತ್ರೆಯ ಕತ್ತಲ ಕೋಣೆಯಲ್ಲಿ ತೊಟ್ಟಿಯ ದ್ರಾವಣದೊಳಗೆ ಫಿಲ್ಮಿನ ಮೇಲೆ ಚಿತ್ರ ಬರುತ್ತಿದ್ದ ಹಾಗೆ, ಇದನ್ನು ನೋಡಿದವರು ಎಷ್ಟು ಜನ, ಮೇಷ್ಟ್ರು ನೋಡಿಲ್ಲ, ನಾನು ನೋಡಿದೆ, ಹಿಡಿದೆ, ಹಿಡಿದೇಬಿಟ್ಟೆ. ಪಂಪಿನ ಹಿಡಿ ಎಳೆದು ತಳ್ಳುವ ಸದ್ದು, ಚುಸ್, ಚುಸ್, ಚಪ್ಪಲಿಯ ಸದ್ದು ಜಲ್ಲಿಕಲ್ಲಿನ ಮೇಲೆ, ಒಂದೊಂದು ಹೆಜ್ಜೆಯನ್ನೂ ಊರಿ ನೋಡಿ ಇಡುತ್ತಿದ್ದಾಳೆ, ಏಳೇ ಕಡ್ಡಿ, ಪಕ್ಕಕ್ಕೆ ಸರಿ, ಔಷಧಿ ಮೈಮೇಲೆ ಬಿದ್ದೀತು.

ಒಂದು ನಿಮಿಷ ಅಕ್ಕ, ಹುಳು ಹೊರಗೆ ಬಂತು, ಮೈ ಇನ್ನೂ ಒದ್ದೆ, ಹಾರೋಕೆ ಬರಲ್ಲ ಅದಕ್ಕೆ, ಎಂದೆ, ಅವಳು ನಿಂತಳು, ಪಂಪಿನ ಮೂತಿ ನನ್ನ ತಲೆಯ ಮೇಲಿದೆ, ಅದರ ತುದಿಯಿಂದ ಒಂದು ಹನಿ ನನ್ನ ಭುಜಕ್ಕೆ ಬಿತ್ತು, ತಣ್ಣಗೆ, ಅವಳ ಹೆಬ್ಬೆರಳು ಗುಂಡಿಯ ಮೇಲಿದೆ, ಎಲ್ಲಿದೆ ಅನ್ನು ಅಕ್ಕ, ಅನ್ನು, ಅನ್ನದಿದ್ದರೆ ನಾನೇ ಹೇಳಬೇಕು, ಹೇಳುತ್ತೇನೆ, ಈಗ ಹೇಳುತ್ತೇನೆ, ನಾಲಿಗೆ ತುದಿಗೆ ಬಂದಿದೆ, ಅಲ್ಲೇ ನಿಂತಿದೆ, ಎಷ್ಟು ಜನರ ಎದೆಯೊಳಗನ್ನು ನೋಡಿಯೂ ತುಟಿ ಪಿಟಕ್ಕೆನ್ನದ ಬಾಯಿ ಇದು, ತೆರೆಯುವ ಅಭ್ಯಾಸವೇ ಇಲ್ಲ. ಎಲ್ಲಿದೆ, ಎಂದಳು ಅಕ್ಕ. ಗಿಡದಲ್ಲಿ ಬೇಡ, ಇಲ್ಲಿ ನೋಡು, ಎಂದು ಕ್ಯಾಮೆರಾದ ಪರದೆಯನ್ನು ಅವಳ ಕಡೆಗೆ ತಿರುಗಿಸಿ ಹಿಡಿದೆ, ಅವಳು ಪಂಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿದಳು, ಮುಖವನ್ನು ಪರದೆಗೆ ತಂದಳು, ಇನ್ನೂ ಹತ್ತಿರ ತಂದಳು, ಮೂಗು ತಾಗಿತು, ಒಂದು ಕೈಯಿಂದ ಬಿಸಿಲಿಗೆ ಮರೆ ಹಿಡಿದಳು, ಅವಳ ಉಸಿರಿನಲ್ಲಿ ಚಹಾದ ವಾಸನೆ, ಕೆನ್ನೆಯ ಮೇಲೆ ನನಗೆ ಗೊತ್ತಿರುವ ಮಚ್ಚೆ, ಚೆನ್ನಾಗಿದೆ ಎಂದುಬಿಡುತ್ತಾಳೆ, ಗುಲಾಬಿ ಎಂದುಬಿಡುತ್ತಾಳೆ, ಎನ್ನಬೇಡ ಅಕ್ಕ, ಕ್ಯಾಮೆರಾದ ಗಾಲಿ ತಿರುಗಿಸಿ ಚಿತ್ರವನ್ನು ಹಿಗ್ಗಿಸಿದೆ, ಮತ್ತೂ ಹಿಗ್ಗಿಸಿದೆ, ಪರದೆಯ ತುಂಬ ಬೆನ್ನು, ಬೆನ್ನಿನ ತುಂಬ ಕಿಟಕಿ. ಏನಿದು, ಹಳದಿ ಗುಂಡಿ ಇದ್ದಂಗಿದೆ. ಹುಳು ಅಕ್ಕ, ಅದರ ಬೆನ್ನು. ಬೆನ್ನಿನ ಮೇಲೆ ಏನೋ ಬೆಳ್ಳಗೆ. ಟೋಪಿ ಅಕ್ಕ, ನೀನು ಹೊಲಿದದ್ದು, ಅದರ ಪ್ರತಿಬಿಂಬ. ಅವಳು ತೋರುಬೆರಳಿನ ಉಗುರನ್ನು ಪರದೆಯ ಮೇಲಿಟ್ಟು ಗೆರೆಯ ಮೇಲೆ ಮೆಲ್ಲಗೆ ಎಳೆಯುತ್ತಾ ಹೋದಳು, ಹೊಲಿಗೆ ಪರೀಕ್ಷಿಸುವಾಗ ಯಾವತ್ತೂ ಹಾಗೇ ಎಳೆಯುತ್ತಿದ್ದಳು, ಉಗುರು ನೇರಕ್ಕೆ ಹೋಯಿತು, ಗೆರೆ ಹೋಗಲಿಲ್ಲ, ಉಗುರು ನಿಂತಿತು, ಹಿಂದಕ್ಕೆ ಬಂದು ಗೆರೆಯನ್ನು ಹುಡುಕಿತು. ಕಡ್ಡಿ. ಹೂಂ. ಇದು ನನ್ನ ಹೊಲಿಗೆ ತಾನೆ. ಹೂಂ. ಮುಖ ಎತ್ತಿದಳು, ಪರದೆಯನ್ನು ಬಿಟ್ಟು ನನ್ನ ಮುಖ ನೋಡಿದಳು, ಎಲ್ಲರೂ ನೋಡುತ್ತಿದ್ದ ಹಾಗೆ, ಆ ಕಣ್ಣಿನ ಕಪ್ಪಿನೊಳಗೆ ಹಾಲು ಬೆರೆತ ನೀರಿನಂಥ ಬಿಳುಪು, ಬೆಳಗಿನ ಬಿಸಿಲಿನಲ್ಲಿ ಎಷ್ಟು ಸ್ಪಷ್ಟ, ಲೆನ್ಸೇ ಬೇಡ, ಸೊಟ್ಟ ಇದೆ ಅಲ್ವೇನೇ, ನಿಜ ಹೇಳು, ನಿನ್ನ ಆಸ್ಪತ್ರೆ ಮುಖ ಇಟ್ಕೋಬೇಡ.

ಡಾಕ್ಟರ್ ಹೇಳ್ತಾರೆ ಎಂಬುದು ಬಾಯಲ್ಲಿ ತಯಾರಾಗಿ ಬಂದಿತ್ತು, ತನ್ನಷ್ಟಕ್ಕೆ ತಾನೇ, ಅದನ್ನು ನುಂಗಿದೆ, ಸೊಟ್ಟ ಇದೆ ಅಕ್ಕ, ಎಂದೆ, ತುಂಬ ಸೊಟ್ಟ ಇದೆ, ಮೊದಲ ದಿನವೇ ನೋಡಿದೆ. ಅಷ್ಟೇ, ಆಕಾಶ ಕಳಚಿ ಬೀಳಲಿಲ್ಲ, ಪಕ್ಕದ ಮನೆಯವರು ಬಕೆಟ್ ಕುಕ್ಕಿದರು, ಅಕ್ಕ ಪಂಪನ್ನು ಕಂಕುಳಿಂದ ತೆಗೆದು ಕಲ್ಲಿನ ಮೇಲೆ ಇಟ್ಟಳು, ಮೆಲ್ಲಗೆ, ಕೈಯಿಂದ ನೆಲ ಮುಟ್ಟಿ ನೋಡಿ ಇಟ್ಟಳು, ಇಟ್ಟು ನನ್ನ ಪಕ್ಕದಲ್ಲೇ ಕುಂಡದ ಅಂಚು ಹಿಡಿದು ಕೂತಳು, ಇಂಥ ಹೊಲಿಗೆ ನನ್ನ ಹೆಸರಲ್ಲಿ ಇರಬಾರದು ಕಣೆ, ಅದೂ ಹುಳದ ಬೆನ್ನ ಮೇಲೆ, ನಡಿ ಇವತ್ತೇ ಕಣ್ಣು ತೋರಿಸಿಕೊಂಡು ಬರೋಣ, ಆಮೇಲೆ ಆ ಟೋಪಿ ಕೊಡು, ಬಿಚ್ಚಿ ಹೊಲಿತೀನಿ, ಎಂದಳು, ಅವಳ ಕೈ ತಡಕಾಡಿ ನನ್ನ ಬೆನ್ನಿಗೆ ಬಂತು, ಉಸಿರು ಬಿಡೇ ಕಡ್ಡಿ, ಎಷ್ಟೊತ್ತು ಹಿಡ್ಕೊಂಡಿರ್ತೀಯ. ಬಿಟ್ಟೆ. ಪರದೆ ಇನ್ನೂ ಬೆಳಗುತ್ತಿದೆ ನಮ್ಮಿಬ್ಬರ ನಡುವೆ, ಹಳದಿ ಬೆನ್ನು, ಚುಕ್ಕೆ ಇನ್ನೂ ಬಂದಿಲ್ಲ, ಬೆನ್ನಿನ ಮೇಲೆ ಬಿಳಿ ಕಿಟಕಿ, ಕಿಟಕಿಯ ನಡುವೆ ಅಕ್ಕನ ಹೊಲಿಗೆ, ಬಟ್ಟೆ ಬಿಟ್ಟು ಹೊರಗೆ ಹೋಗಿ, ಹೊರಗೆ ಹೋಗಿ, ತಡಕಾಡಿ, ಮತ್ತೆ ಒಳಗೆ —